ಪರದೇಶಿಗೆ ನಮ್ಮ ಒಳಮನೆಯಲ್ಲಿ ಸ್ಥಳವಿದೆಯೇ?



ಆಗಮನ ಕಾಲ ಬಂದಿತೆಂದರೆ ನಮ್ಮ ಬೀದರ ಜಿಲ್ಲೆಗೆ ಚಳಿಯೂ ಬಂದಿತೆಂದೇ ಅರ್ಥ. ಕೋಟೆಯ ಬುರುಜುಗಳ ಮೇಲೆ ಬೆಳಗಿನ ಮಂಜು ಇಳಿದಿರುತ್ತದೆ. ಭಾಲ್ಕಿ, ಔರಾದ ಕಡೆಯ ಹೊಲಗಳಲ್ಲಿ ಜೋಳವೂ ಕಡಲೆಯೂ ಹಸಿರಾಗಿ ನಿಂತಿರುತ್ತವೆ. ರಾತ್ರಿ ಎರಡು ಕೌದಿ ಹೊದ್ದರೂ ಸಾಲದು. ಇಂಥ ದಿನಗಳಲ್ಲಿ ಮನೆ ಎಂಬುದರ ಬೆಲೆ ನಮಗೆ ಚೆನ್ನಾಗಿ ತಿಳಿಯುತ್ತದೆ. ಮನೆಯಿಂದ ದೂರ ಇರುವವರ ನೆನಪೂ ಹೆಚ್ಚಾಗಿ ಕಾಡುತ್ತದೆ.

ಅಂಥ ಒಂದು ಆಗಮನ ಕಾಲದ ಭಾನುವಾರ, ಬಲಿಪೂಜೆ ಮುಗಿದ ಮೇಲೆ ಭಾಲ್ಕಿ ಕಡೆಯ ತಾಯಿಯೊಬ್ಬರು ನನ್ನ ಬಳಿಗೆ ಬಂದರು. ಅವರ ಮಗಳು ಜರ್ಮನಿಯಲ್ಲಿ ನರ್ಸಿಂಗ್ ಕಲಿಯುತ್ತಿದ್ದಾಳೆ. ಹಿಂದಿನ ವರ್ಷದ ಕ್ರಿಸ್ಮಸ್ ಅವಳು ಮನೆ ಬಿಟ್ಟು ಕಳೆದ ಮೊದಲ ಕ್ರಿಸ್ಮಸ್. ರಜೆ ಬಂದೊಡನೆ ಜೊತೆಯವರೆಲ್ಲ ತಮ್ಮ ತಮ್ಮ ಊರುಗಳಿಗೆ ಹೊರಟುಹೋದರು. ಈ ಹುಡುಗಿ ಒಬ್ಬಳೇ ಉಳಿದಳು. ಸಂಗತಿ ತಿಳಿದ ಅಲ್ಲಿನ ಧರ್ಮಕೇಂದ್ರದ ವೃದ್ಧ ದಂಪತಿಗಳು ಅವಳನ್ನು ತಮ್ಮ ಮನೆಗೆ ಕರೆದೊಯ್ದು ಹತ್ತು ದಿನ ಇಟ್ಟುಕೊಂಡರು. ಆ ತಾಯಿ ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದರು. ಊಟದ ಮೇಜಿನ ಮೇಲೆ ಮೇಣದ ಬತ್ತಿಗಳು. ಮಗಳ ಕಾಲಿಗೆ ಉಣ್ಣೆಯ ಕಾಲುಚೀಲ. ಪಕ್ಕದಲ್ಲಿ ನಗುತ್ತಿರುವ ಬಿಳಿಗೂದಲಿನ ಅಜ್ಜಿ.

“ಫಾದರ್, ಅವ್ರು ಯಾರೋ, ನಾವ್ ಯಾರೋ. ಮಾರಿ ನೋಡಿಲ್ಲ, ಮಾತ್ ತಿಳಿಯಂಗಿಲ್ಲ. ಅಂಥಾದ್ರಾಗ ನನ್ ಮಗಳಿಗಿ ಹತ್ತ್ ದಿನ ತಮ್ ಮನ್ಯಾಗ ಇಟ್ಕೊಂಡಾರ. ಮನಿ ಕೀಲಿಕೈನೇ ಅಕಿ ಕೈಯಾಗ ಕೊಟ್ಟಾರ್ರಿ!” ಎಂದು ಅವರು ಕಣ್ಣು ಒರೆಸಿಕೊಂಡರು. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದ್ ಮಾತ್ ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಯಾರದ್ದಾದ್ರೂ ಮಗಳು ಹಿಂಗ ನಮ್ಮೂರಿಗಿ ಬಂದಿದ್ರ ನಾವು ಇಟ್ಕೊಂತಿದ್ವೇನ್ರಿ?” ಎಂದು ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಕೊಡಲು ನನ್ನಲ್ಲಿ ಉತ್ತರ ಇರಲಿಲ್ಲ. ಏಕೆಂದರೆ ಆ ಪ್ರಶ್ನೆ ನನ್ನದೇ ಒಂದು ಹಳೆಯ ತಪ್ಪನ್ನು ನೆನಪಿಗೆ ತಂದಿತ್ತು.

ಕೆಲವು ವರ್ಷಗಳ ಹಿಂದಿನ ಮಾತು. ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಮುಗಿದಿತ್ತು. ಜನರೆಲ್ಲ ಶುಭಾಶಯ ಹೇಳಿ ಮನೆಗೆ ಹೊರಟರು. ಬೀದರ ನಗರದ ಕಾಲೇಜೊಂದರಲ್ಲಿ ಓದುತ್ತಿದ್ದ, ಈಶಾನ್ಯ ರಾಜ್ಯದ ಒಬ್ಬ ಯುವಕ ಮಾತ್ರ ಗೋದಲಿಯ ಮುಂದೆ ಬಹಳ ಹೊತ್ತು ನಿಂತಿದ್ದ. ನಾನು ಅವನ ಕೈ ಕುಲುಕಿದೆ, ಒಂದು ತುಂಡು ಕೇಕ್ ಕೊಟ್ಟೆ, “ಬರುತ್ತಾ ಇರಪ್ಪಾ” ಎಂದೆ. ಗುರುನಿವಾಸದಲ್ಲಿ ಅತಿಥಿಗಳು ಕಾಯುತ್ತಿದ್ದರು. ನಾನು ಒಳಗೆ ಹೋದೆ. ಮುಂದಿನ ವಾರ ಅವನು ಸಿಕ್ಕಾಗ, “ಹಬ್ಬದ ಊಟ ಎಲ್ಲಿ ಮಾಡಿದೆ?” ಎಂದು ಸಹಜವಾಗಿ ಕೇಳಿದೆ. “ಹಾಸ್ಟೆಲಿನಲ್ಲೇ ಫಾದರ್” ಎಂದು ನಕ್ಕ. ರಜೆಯೆಂದು ಹಾಸ್ಟೆಲಿನ ಅಡುಗೆಮನೆ ಮುಚ್ಚಿತ್ತೆಂದೂ, ಅವನು ಆ ದಿನವಿಡೀ ಚಹಾ, ಬಿಸ್ಕತ್ತಿನಲ್ಲಿ ಕಳೆದನೆಂದೂ ನನಗೆ ತಿಳಿದದ್ದು ಬೇರೆಯವರಿಂದ. ಆ ರಾತ್ರಿ ನಾನು ಪ್ರಬೋಧನೆ ಮಾಡಿದ ವಿಷಯವೇನು ಗೊತ್ತೇ? ಬೆತ್ಲೆಹೇಮಿನ ಛತ್ರದಲ್ಲಿ ಪ್ರಭುವಿಗೆ ಸ್ಥಳವಿರಲಿಲ್ಲ ಎಂಬುದು!

ಪ್ರಿಯರೇ, ಪರದೇಶಿಗೆ ಹಬ್ಬದ ದಿನ ಬಾಗಿಲು ತೆರೆಯುವುದು ಎಂದರೇನು ಎಂಬುದನ್ನು ಈ ವಾರ ಒಟ್ಟಾಗಿ ಧ್ಯಾನಿಸೋಣ. ಇದಕ್ಕೆ ಉದಾಹರಣೆ ಹುಡುಕಿಕೊಂಡು ಜರ್ಮನಿಗೆ ಹೋಗಬೇಕಾಗಿಲ್ಲ. ನಮ್ಮ ಬೀದರಿನಲ್ಲೇ ಒಂದು ಹಳೆಯ ಕಥೆಯಿದೆ.

ಕುದುರೆ ಮಾರಲು ಬಂದ ಕ್ರೈಸ್ತ

ಸುಮಾರು ಐದೂವರೆ ಶತಮಾನಗಳ ಹಿಂದೆ, 1470ರ ಆಸುಪಾಸಿನಲ್ಲಿ, ಬೀದರ ಬಹಮನಿ ಸುಲ್ತಾನರ ರಾಜಧಾನಿಯಾಗಿತ್ತು. ಇಂದಿಗೂ ನಾವು ನೋಡುವ ಮಹಮೂದ್ ಗವಾನನ ಮದರಸಾ 1472ರಲ್ಲಿ ಪೂರ್ಣಗೊಂಡಿತು. ಅದೇ ಕಾಲದಲ್ಲಿ ರಷ್ಯಾ ದೇಶದಿಂದ ಒಬ್ಬ ವ್ಯಾಪಾರಿ ಇಲ್ಲಿಗೆ ಬಂದ. ಅವನ ಹೆಸರು ಅಫನಾಸಿ ನಿಕಿತಿನ್. ಊರು ವೋಲ್ಗಾ ನದಿಯ ದಡದ ತ್ವೇರ್. ಪೂರ್ವದ ಆರ್ಥಡಾಕ್ಸ್ ಸಭೆಯ ಕ್ರೈಸ್ತ. ಅವನು ತನ್ನ ಪ್ರಯಾಣದ ಟಿಪ್ಪಣಿಗಳನ್ನು ಬರೆದಿಟ್ಟ. ಊರಿಗೆ ಮರಳುವ ದಾರಿಯಲ್ಲಿ, ಸ್ಮೊಲೆನ್ಸ್ಕ್ ನಗರವನ್ನು ಮುಟ್ಟುವ ಮುನ್ನವೇ ಅವನು ತೀರಿಕೊಂಡ. ಟಿಪ್ಪಣಿಗಳು ಮಾತ್ರ 1475ರಲ್ಲಿ ಮಾಸ್ಕೋ ತಲುಪಿದವು. ‘ಮೂರು ಸಮುದ್ರಗಳ ಆಚೆಗಿನ ಯಾತ್ರೆ’ ಎಂಬ ಹೆಸರಿನಿಂದ ಅವು ಇಂದು ಲೋಕಪ್ರಸಿದ್ಧವಾಗಿವೆ. ಅವನ ಕಥೆಯನ್ನು ಆಧರಿಸಿ 1957ರಲ್ಲಿ ಭಾರತ ಮತ್ತು ಸೋವಿಯತ್ ರಷ್ಯಾದವರು ಕೂಡಿ ‘ಪರದೇಸಿ’ ಎಂಬ ಚಲನಚಿತ್ರವನ್ನೂ ತೆಗೆದರು.

ಅವನ ದಾರಿ ಸುಖದ ದಾರಿಯಾಗಿರಲಿಲ್ಲ. ವೋಲ್ಗಾ ನದಿಯ ಕೆಳಭಾಗದಲ್ಲಿ ದರೋಡೆಕೋರರು ಅವನ ತಂಡವನ್ನು ಸುಲಿದರು. ಸರಕಿನೊಂದಿಗೆ ಪ್ರಾರ್ಥನೆಯ ಪುಸ್ತಕಗಳೂ ಹೋದವು. ಬರಿಗೈಯಲ್ಲಿ ಊರಿಗೆ ಹೋದರೆ ಸಾಲಗಾರರ ಕಾಟ. ಆದ್ದರಿಂದ ಮುಂದೆ ಮುಂದೆ ಹೋದ. ಪರ್ಷಿಯಾ ದಾಟಿ, ಹೊರ್ಮುಜ್ ಬಂದರಿನಿಂದ ಹಡಗು ಹತ್ತಿ, ಒಂದು ಗಂಡು ಕುದುರೆಯೊಂದಿಗೆ ಇಂದಿನ ಮಹಾರಾಷ್ಟ್ರದ ಚೌಲ್ ಬಂದರಿನಲ್ಲಿ ಇಳಿದ. ಕುದುರೆಯನ್ನು ಒಳ್ಳೆಯ ಬೆಲೆಗೆ ಮಾರುವುದು ಅವನ ಆಸೆ.

ಜುನ್ನರಿನಲ್ಲಿ ಅಲ್ಲಿನ ಖಾನನು ಕುದುರೆಯನ್ನು ಕಿತ್ತುಕೊಂಡ. ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನು ಕೊಡುವೆ. ಇಲ್ಲವಾದರೆ ಕುದುರೆಯೂ ಇಲ್ಲ, ಸಾವಿರ ಹೊನ್ನು ದಂಡವೂ ತೆರಬೇಕು ಎಂದು ನಾಲ್ಕು ದಿನಗಳ ಗಡುವು ವಿಧಿಸಿದ. ಪರಿಚಯವಿಲ್ಲದ ನಾಡಿನಲ್ಲಿ ಒಬ್ಬಂಟಿಯಾದ ಆ ಮನುಷ್ಯ ಏನು ಮಾಡಬೇಕು? ಆಗ ಅವನ ನೆರವಿಗೆ ಬಂದವನು ಖೊರಾಸಾನಿನ ಖ್ವಾಜಾ ಮುಹಮ್ಮದ್ ಎಂಬ ಮುಸಲ್ಮಾನ. ಅವನು ಖಾನನ ಬಳಿಗೆ ಹೋಗಿ ವಾದಿಸಿ ಬೇಡಿಕೊಂಡು ಕುದುರೆಯನ್ನು ಬಿಡಿಸಿ ತಂದ. ನಿಕಿತಿನನ ವಿಶ್ವಾಸವನ್ನೂ ಉಳಿಸಿದ. ನಿಕಿತಿನ್ ಇದನ್ನು ಪ್ರಭುವಿನ ಅದ್ಭುತವೆಂದೇ ಬರೆದಿದ್ದಾನೆ. ಗಮನಿಸಿ: ಕಷ್ಟ ಕೊಟ್ಟವನೂ ಮುಸಲ್ಮಾನ, ಕಾಪಾಡಿದವನೂ ಮುಸಲ್ಮಾನ. ಒಬ್ಬನ ತಪ್ಪನ್ನು ಅವನ ಜನಾಂಗದ ಮೇಲೆಲ್ಲ ಹೊರಿಸುವ ಅಭ್ಯಾಸವಿರುವ ನಮಗೆ ಇದೊಂದು ಪಾಠ.

ಹೆಸರು ಹೇಳಿದ ಮೇಲೆ ತೆರೆದ ಬಾಗಿಲು

ಬಳಿಕ ಅವನು ಬೀದರಿಗೆ ಬಂದ. ಅವನೇ ಕೊಡುವ ಲೆಕ್ಕದ ಪ್ರಕಾರ, ಕ್ರಿಸ್ಮಸ್ಸಿಗೆ ಮುಂಚಿನ ಉಪವಾಸ ಕಾಲ ಆರಂಭವಾಗುವಾಗ, ಎಂದರೆ ನವೆಂಬರ್ ನಡುವಿನ ಹೊತ್ತಿಗೆ ಅವನು ಇಲ್ಲಿದ್ದ. ಕ್ರಿಸ್ಮಸ್ ಸಮಯದಲ್ಲಿ ಕುದುರೆಯನ್ನು ಮಾರಿದ. ತಪಸ್ಸು ಕಾಲ ಆರಂಭವಾಗುವವರೆಗೂ ಬೀದರಿನಲ್ಲೇ ಉಳಿದ. ಅಂದರೆ ನಮ್ಮ ಊರಿನ ಒಂದು ಇಡೀ ಚಳಿಗಾಲ, ಅದರ ನಡುವೆ ಒಂದು ಕ್ರಿಸ್ಮಸ್ ಹಬ್ಬ, ಆ ಪರದೇಶಿ ಕ್ರೈಸ್ತನ ಪಾಲಿಗೆ ಇಲ್ಲಿ ಕಳೆಯಿತು.

ಆಗ ಇಲ್ಲಿ ಅವನಿಗೆ ಆಪ್ತರು ಯಾರು? ಪ್ರಯಾಣದಲ್ಲಿ ಅವನು ಖ್ವಾಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿಟ್ಟುಕೊಂಡಿದ್ದ. ವ್ಯಾಪಾರಿಗೆ ದಾರಿಯಲ್ಲಿ ಅದು ಅನುಕೂಲದ ಹೆಸರು. ಇಲ್ಲಿನ ಜನರು ಅಪರಿಚಿತರ ಕಣ್ಣಿಗೆ ತಮ್ಮ ಊಟವನ್ನೂ ಬೀಳಿಸುತ್ತಿರಲಿಲ್ಲ. ಉಣ್ಣುವಾಗ ಬಟ್ಟೆ ಮರೆಮಾಡಿಕೊಳ್ಳುವವರೂ ಇದ್ದರೆಂದು ಅವನು ಬರೆಯುತ್ತಾನೆ. ಈ ನಾಡಿನಲ್ಲಿ 84 ಮತಗಳಿವೆ, ಒಂದು ಮತದವರು ಇನ್ನೊಂದು ಮತದವರೊಡನೆ ಉಣ್ಣುವುದಿಲ್ಲ, ಕುಡಿಯುವುದಿಲ್ಲ, ಮದುವೆ ಸಂಬಂಧ ಬೆಳೆಸುವುದಿಲ್ಲ ಎಂದೂ ಗುರುತಿಸಿದ್ದಾನೆ. ನಮ್ಮ ಜಾತಿಯ ಗೋಡೆಗಳು ಅಂದೇ ಒಬ್ಬ ಪರದೇಶಿಯ ಕಣ್ಣಿಗೆ ಬಿದ್ದಿದ್ದವು!

ಹಾಗಿದ್ದ ಜನರ ಮುಂದೆ ಅವನು ಒಂದು ದಿನ ತನ್ನ ನಿಜವನ್ನು ಹೇಳಿಕೊಂಡ. ತಾನು ಮುಸಲ್ಮಾನನಲ್ಲ, ಕ್ರೈಸ್ತ. ತನ್ನ ಹೆಸರು ಅಫನಾಸಿ ಎಂದ. ಅಂದಿನಿಂದ ಅವರು ಅವನಿಂದ ಏನನ್ನೂ ಮುಚ್ಚಿಡಲಿಲ್ಲ. ತಮ್ಮ ಊಟ, ವ್ಯಾಪಾರ, ಪ್ರಾರ್ಥನೆ ಎಲ್ಲವನ್ನೂ ಅವನ ಮುಂದೆ ತೆರೆದಿಟ್ಟರು. ಮನೆಯ ಹೆಣ್ಣುಮಕ್ಕಳೂ ಅವನಿಂದ ಮರೆಯಾಗಲಿಲ್ಲ. ಅವರು ಯಾತ್ರೆಗೆ ಹೊರಟಾಗ ಅವನೂ ಜೊತೆಗೆ ಹೊರಟ. ಬೀದರಿನಿಂದ ಒಂದು ತಿಂಗಳ ಕಾಲ್ನಡಿಗೆಯಲ್ಲಿ ‘ಪರ್ವತ’ಕ್ಕೆ ಹೋದರು, ಅದು ಶ್ರೀಶೈಲವೆಂದು ವಿದ್ವಾಂಸರು ಗುರುತಿಸುತ್ತಾರೆ. ನಮಗೆ ಜೆರುಸಲೇಮ್ ಹೇಗೋ ಇವರಿಗೆ ಇದು ಹಾಗೆ ಎಂದು ಅವನು ಗೌರವದಿಂದಲೇ ಹೋಲಿಸಿದ್ದಾನೆ.

ಇಲ್ಲಿ ಎರಡು ಕೆಲಸಗಳು ನಡೆದವು. ಬಂದವನು ತನ್ನ ನಿಜವಾದ ಹೆಸರನ್ನು ಹೇಳಿದ. ಇದ್ದವರು ತಮ್ಮ ಒಳಮನೆಯನ್ನು ತೆರೆದರು. ಈ ಎರಡೂ ಸೇರಿದಾಗಲೇ ಅತಿಥಿ ಸತ್ಕಾರ ಪೂರ್ಣವಾಗುತ್ತದೆ. ಬಂದವನು ಮುಖವಾಡ ತೊಟ್ಟಿದ್ದರೆ ಸ್ನೇಹ ಬೆಳೆಯದು. ಇದ್ದವನು ಪಡಸಾಲೆಯಲ್ಲೇ ಚಹಾ ಕೊಟ್ಟು ಕಳುಹಿಸಿದರೆ ಅದು ಮರ್ಯಾದೆಯಾಯಿತೇ ಹೊರತು ಸತ್ಕಾರವಾಗಲಿಲ್ಲ. ನಾನು ಆ ಯುವಕನಿಗೆ ಕೊಟ್ಟ ಒಂದು ತುಂಡು ಕೇಕ್ ಅಂಥದೇ ಮರ್ಯಾದೆ. ಅದು ಅವನ ಕೈ ತುಂಬಿತು. ಅವನ ಹಬ್ಬವನ್ನು ತುಂಬಲಿಲ್ಲ. ಅವನ ಹೆಸರನ್ನು ಕೂಡ ಆ ರಾತ್ರಿ ನಾನು ಕೇಳಿರಲಿಲ್ಲ.

ತೆರೆದ ಮನೆಯಲ್ಲೂ ಒಂದು ಕಣ್ಣೀರು

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಇಷ್ಟೆಲ್ಲ ಸ್ನೇಹ ದೊರೆತರೂ ನಿಕಿತಿನನ ಹೃದಯದಲ್ಲಿ ಒಂದು ನೋವು ಉಳಿದೇ ಇತ್ತು. ಪುಸ್ತಕಗಳು ಹೋದದ್ದರಿಂದ ಅವನಿಗೆ ಹಬ್ಬಗಳ ಲೆಕ್ಕ ತಪ್ಪಿತ್ತು. ಕ್ರಿಸ್ಮಸ್ ಯಾವಾಗ, ಪಾಸ್ಖ ಯಾವಾಗ, ಉಪವಾಸದ ಬುಧವಾರ ಶುಕ್ರವಾರಗಳು ಯಾವುವು ಎಂದು ಖಚಿತವಾಗಿ ತಿಳಿಯದೆ ಅವನು ಪರಿತಪಿಸುತ್ತಾನೆ. ಸುತ್ತಲಿನ ಮುಸಲ್ಮಾನರ ಹಬ್ಬದ ದಿನಗಳನ್ನು ನೋಡಿ ತನ್ನ ಪಾಸ್ಖವನ್ನು ಅಂದಾಜು ಮಾಡುತ್ತಾನೆ. ಅವರು ಉಪವಾಸ ಮಾಡುವಾಗ ತಾನೂ ಉಪವಾಸ ಮಾಡುತ್ತಾನೆ. ಮಾಂಸ ಮುಟ್ಟದೆ, ದಿನಕ್ಕೆ ಎರಡು ಹೊತ್ತು ರೊಟ್ಟಿ ತಿಂದು, ತನಗೆ ತಿಳಿದಂತೆ ದೇವರನ್ನು ಪ್ರಾರ್ಥಿಸುತ್ತಾನೆ. ಒಂದು ಪಾಸ್ಖ ಹಬ್ಬವನ್ನು ಬೀದರಿನಲ್ಲಿ ಆಚರಿಸಿದೆನೆಂದೂ, ಅಲ್ಲಿ ಕ್ರೈಸ್ತ ವಿಶ್ವಾಸವನ್ನು ನೆನೆದು ಬಹಳ ಅತ್ತೆನೆಂದೂ ಬರೆದಿದ್ದಾನೆ.

ನಮ್ಮ ಬೀದರಿನ ನೆಲದಲ್ಲಿ ಬಿದ್ದ ಆ ಕಣ್ಣೀರನ್ನು ನಾನು ಆಗಾಗ ನೆನೆಯುತ್ತೇನೆ. ಇಂದು ಈ ಜಿಲ್ಲೆಯಲ್ಲಿ ದೇವಾಲಯಗಳಿವೆ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ್ಯ ಸ್ಥಾಪನೆಯಾಗಿ ಬೀದರ ಜಿಲ್ಲೆ ಅದರ ಭಾಗವಾಯಿತು. ಕ್ಯಾಲೆಂಡರ್ ಎಲ್ಲರ ಮನೆಯ ಗೋಡೆಯ ಮೇಲಿದೆ. ಹಬ್ಬ ಯಾವಾಗ ಎಂದು ಯಾರೂ ಅಳಬೇಕಾಗಿಲ್ಲ. ಆದರೆ ಹಬ್ಬದ ದಿನ ಗೊತ್ತಿದ್ದೂ ಹಬ್ಬವನ್ನು ಹಂಚಿಕೊಳ್ಳಲು ಒಂದು ಮನೆ ಇಲ್ಲದವರು ನಮ್ಮ ನಡುವೆ ಇಲ್ಲವೇ?

ಇದ್ದಾರೆ. ಬೀದರ ನಗರದ ವೈದ್ಯಕೀಯ, ಇಂಜಿನಿಯರಿಂಗ್, ಪಶುವೈದ್ಯಕೀಯ ಕಾಲೇಜುಗಳಿಗೆ ದೂರದೂರದಿಂದ ಮಕ್ಕಳು ಬಂದಿದ್ದಾರೆ. ಆಸ್ಪತ್ರೆಗಳಲ್ಲಿ ಬೇರೆ ರಾಜ್ಯಗಳ ನರ್ಸುಗಳಿದ್ದಾರೆ. ಕಟ್ಟಡ ಕೆಲಸಕ್ಕೆ ಉತ್ತರದಿಂದ ಬಂದ ಹುಡುಗರಿದ್ದಾರೆ. ಅಂತೆಯೇ ನಮ್ಮವರೂ ಬೇರೆಡೆ ಪರದೇಶಿಗಳೇ. ಔರಾದ ತಾಲ್ಲೂಕಿನ ಎಷ್ಟೋ ಊರುಗಳಲ್ಲಿ ದುಡಿಯುವ ಕೈಗಳು ಹೈದರಾಬಾದು, ಪುಣೆ, ಮುಂಬಯಿ ಸೇರಿವೆ. ಮನೆಯಲ್ಲಿ ಮುದುಕರೂ ಮಕ್ಕಳೂ ಉಳಿದಿದ್ದಾರೆ. ಕೊಲ್ಲಿ ದೇಶಗಳಿಗೆ ಹೋದವರಿದ್ದಾರೆ. ನಮ್ಮ ಮಗ ಅಲ್ಲಿ ಯಾರಾದರೊಬ್ಬರ ಮನೆಯಲ್ಲಿ ಬಿಸಿ ಊಟ ಉಣ್ಣಲಿ ಎಂದು ಪ್ರಾರ್ಥಿಸುವ ನಾವು, ಯಾರದೋ ಮಗ ನಮ್ಮ ಬೀದಿಯಲ್ಲಿ ಹಸಿದು ಮಲಗಿದ್ದರೆ ಏನು ಮಾಡುತ್ತೇವೆ? ನಮ್ಮ ಪ್ರಾರ್ಥನೆಗೆ ದೇವರು ಇನ್ನೊಬ್ಬರ ಮನೆಯಿಂದ ಉತ್ತರ ಕೊಡಬೇಕು. ಇನ್ನೊಬ್ಬ ತಾಯಿಯ ಪ್ರಾರ್ಥನೆಗೆ ಉತ್ತರ ಬರಬೇಕಾದದ್ದು ನಮ್ಮ ಮನೆಯಿಂದಲೇ ಅಲ್ಲವೇ?

ಪವಿತ್ರ ಕುಟುಂಬವೂ ಪರದೇಶಿ ಕುಟುಂಬವೇ

ಶುಭಸಂದೇಶದ ಕ್ರಿಸ್ಮಸ್ ಕಥೆಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಿ. ಅದರಲ್ಲಿ ಸ್ವಂತ ಮನೆಯಲ್ಲಿರುವವರು ಬಹಳ ಕಡಿಮೆ. ಜೋಸೆಫರೂ ಮರಿಯಮ್ಮನವರೂ ಊರು ಬಿಟ್ಟು ಬಂದವರು. ಕುರುಬರು ಬಯಲಿನಲ್ಲಿ ರಾತ್ರಿ ಕಳೆಯುವವರು. ಜ್ಯೋತಿಷಿಗಳು ಪೂರ್ವ ದೇಶದಿಂದ ಬಂದ ಪರದೇಶಿಗಳು. ಸಂತ ಮತ್ತಾಯರು ಹೇಳುವ ಒಂದು ಸಣ್ಣ ಸಂಗತಿಯನ್ನು ನಾವು ಗಮನಿಸುವುದೇ ಇಲ್ಲ: ಆ ಪರದೇಶಿಗಳು ಮನೆಯ ಒಳಗೆ ಬಂದು ತಾಯಿಯನ್ನೂ ಮಗುವನ್ನೂ ಕಂಡರು. ತನಗೇ ಸ್ಥಳ ಸಿಗದೆ ನೊಂದಿದ್ದ ಮರಿಯಮ್ಮ, ಭಾಷೆ ಬಾರದ, ಮತ ತಿಳಿಯದ ಆ ಅತಿಥಿಗಳನ್ನು ಬಾಗಿಲಲ್ಲೇ ನಿಲ್ಲಿಸಲಿಲ್ಲ. ತನಗಾದ ನೋವನ್ನು ಇನ್ನೊಬ್ಬರಿಗೆ ಮಾಡದಿರುವುದೇ ಪುಣ್ಯವಂತರ ಗುಣ.

ಬಳಿಕ ಪವಿತ್ರ ಕುಟುಂಬ ಐಗುಪ್ತ ದೇಶಕ್ಕೆ ಓಡಬೇಕಾಯಿತು. ಅಲ್ಲಿ ಅವರಿಗೆ ಯಾರು ನೀರು ಕೊಟ್ಟರು? ಜೋಸೆಫರಿಗೆ ಮೊದಲ ದಿನದ ಕೂಲಿ ಕೊಟ್ಟ ಬಡಗಿ ಯಾರು? ಮಗು ಯೇಸುವಿನ ಮೈಮೇಲೆ ಕಂಬಳಿ ಹೊದಿಸಿದ ನೆರೆಮನೆಯ ಅಮ್ಮ ಯಾರು? ಶುಭಸಂದೇಶ ಅವರ ಹೆಸರನ್ನು ಹೇಳುವುದಿಲ್ಲ. ಆದರೆ ಪ್ರಭು ಅವರನ್ನು ಮರೆತಿರಲಾರರು. ಕಡೆಯ ತೀರ್ಪಿನ ದಿನದ ಬಗ್ಗೆ ಮಾತನಾಡುವಾಗ, ಪರದೇಶಿಯಾಗಿದ್ದ ನನ್ನನ್ನು ನೀವು ಮನೆಗೆ ಸೇರಿಸಿಕೊಂಡಿರಾ ಎಂದು ಅವರು ಕೇಳುವರೆಂದು ಸಂತ ಮತ್ತಾಯರ 25ನೇ ಅಧ್ಯಾಯದಲ್ಲಿ ಓದುತ್ತೇವೆ. ಈ ಪ್ರಶ್ನೆ ಕೇಳುವವರು ಬಾಲ್ಯದಲ್ಲೇ ಪರದೇಶಿಯಾಗಿದ್ದವರು. ಎಮ್ಮಾವಿನ ದಾರಿಯಲ್ಲೂ ಅಷ್ಟೇ. ಸಂಜೆಯಾಯಿತೆಂದು ಆ ಶಿಷ್ಯರಿಬ್ಬರು ಅಪರಿಚಿತನನ್ನು ಒತ್ತಾಯ ಮಾಡಿ ಒಳಗೆ ಕರೆದರು. ರೊಟ್ಟಿ ಮುರಿದಾಗ ಬಂದವರು ಪ್ರಭುವೆಂದು ತಿಳಿಯಿತು. ಬಾಗಿಲಲ್ಲೇ “ಹೋಗಿ ಬನ್ನಿ” ಎಂದಿದ್ದರೆ?

ಇದನ್ನು ತಿಳಿದೇ ಸಂತ ಬೆನೆದಿಕ್ತರು 6ನೇ ಶತಮಾನದಲ್ಲಿ ತಮ್ಮ ಮಠದ ನಿಯಮದಲ್ಲಿ, ಬರುವ ಪ್ರತಿಯೊಬ್ಬ ಅತಿಥಿಯನ್ನೂ ಕ್ರಿಸ್ತರನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಬೇಕೆಂದು ವಿಧಿಸಿದರು. ನಮ್ಮ ಕಾಲದಲ್ಲಿ ಫ್ರಾನ್ಸಿನ ತೇಜೆ ಎಂಬ ಹಳ್ಳಿಯ ಸಹೋದರರ ಸಮುದಾಯ ಡಿಸೆಂಬರ್ ಕೊನೆಯಲ್ಲಿ ಯೂರೋಪಿನ ಯಾವುದಾದರೊಂದು ನಗರದಲ್ಲಿ ಯುವಜನರ ಪ್ರಾರ್ಥನಾ ಕೂಟವನ್ನು ನಡೆಸುತ್ತದೆ. 1978ರಲ್ಲಿ ಪ್ಯಾರಿಸಿನಲ್ಲಿ ಇದು ಆರಂಭವಾಯಿತು. ಸಾವಿರಾರು ಯುವಕ ಯುವತಿಯರನ್ನು ಆ ನಗರದ ಕುಟುಂಬಗಳು ತಮ್ಮ ಮನೆಗಳಲ್ಲಿ ಇಟ್ಟುಕೊಳ್ಳುತ್ತವೆ. ಹಾಸಿಗೆ ಮಂಚ ಬೇಕೆಂದು ಅವರು ಕೇಳುವುದಿಲ್ಲ. ನೆಲದ ಮೇಲೆ ಮಲಗುವಷ್ಟು ಜಾಗ ಸಾಕು ಎನ್ನುತ್ತಾರೆ. ಅಷ್ಟು ಜಾಗ ನಮ್ಮ ಯಾರ ಮನೆಯಲ್ಲಿ ಇಲ್ಲ?

ನಮ್ಮ ನೆಲವೇ ಕಲಿಸುವ ಪಾಠ

ಸತ್ಕಾರವನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ. ಬೀದರಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಕುಳಿತವನ ಜಾತಿ ಯಾವುದು, ಊರು ಯಾವುದು ಎಂದು ಯಾರೂ ಕೇಳುವುದಿಲ್ಲ. ಭಾಲ್ಕಿಯ ಹಿರೇಮಠ ಹೆತ್ತವರು ಬಿಟ್ಟುಹೋದ ಮಕ್ಕಳನ್ನು ಎತ್ತಿ ಸಾಕುತ್ತಿದೆ. ಕ್ರಿಸ್ಮಸ್ಸಿನ ಹಿಂದೆಮುಂದೆ ಬರುವ ಎಳ್ಳಮವಾಸ್ಯೆಯ ದಿನ ನಮ್ಮ ಕಡೆಯ ರೈತರು ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ನಂಟರು, ನೆರೆಯವರು ಮಾತ್ರವಲ್ಲ, ದಾರಿಯಲ್ಲಿ ಹೋಗುವವನನ್ನೂ “ಬರ್ರಿ, ಉಂಡ್ ಹೋಗ್ರಿ” ಎಂದು ಕೂಗಿ ಕರೆಯುತ್ತಾರೆ. ನಮ್ಮ ಅನ್ಯಮತೀಯ ಸಹೋದರರಲ್ಲಿ ಇಷ್ಟು ಧಾರಾಳತನ ಇರುವಾಗ, ಅತಿಥಿಯಲ್ಲಿ ಕ್ರಿಸ್ತರನ್ನೇ ಕಾಣಬೇಕಾದ ನಾವು ಹಿಂದೆ ಬೀಳಬಹುದೇ?

ಹಾಗಾದರೆ ನಾವು ಮಾಡಬೇಕಾದದ್ದೇನು? ಪರದೇಶಕ್ಕೆ ಹೋಗುವ ನಮ್ಮ ಮಕ್ಕಳಿಗೆ ಮೊದಲು ಒಂದೆರಡು ಮಾತು. ಹೊಸ ಊರಿಗೆ ಹೋದೊಡನೆ ಹತ್ತಿರದ ದೇವಾಲಯವನ್ನು ವಿಚಾರಿಸಿ. ನಿಮ್ಮ ಹೆಸರು, ಊರು, ವಿಶ್ವಾಸ ಇವನ್ನು ಹೇಳಿಕೊಳ್ಳಲು ನಾಚಬೇಡಿ. ಬೀದರಿನ ಮಗ, ಭಾಲ್ಕಿಯ ಮಗಳು ಎನ್ನುವುದರಲ್ಲಿ ಅವಮಾನವೇನಿದೆ? ನಿಮ್ಮನ್ನು ಇಟ್ಟುಕೊಂಡ ಮನೆಯ ರೀತಿನೀತಿಗಳನ್ನು ತಿಳಿದುಕೊಳ್ಳಿ. ಅವರು ಏಳುವ ಹೊತ್ತಿಗೆ ಏಳಿ. ಉಂಡ ತಟ್ಟೆಯನ್ನು ನೀವೇ ತೊಳೆಯಿರಿ. ಒಂದು ದಿನ ಅವರಿಗೆ ನಮ್ಮ ಕಡೆಯ ಅಡುಗೆ ಮಾಡಿ ಬಡಿಸಿ. ಅತಿಥಿಯಾಗುವುದೂ ಒಂದು ಸೇವೆ ಎಂಬುದು ನಿಮಗೆ ಆಗ ತಿಳಿಯುತ್ತದೆ.

ಇನ್ನು ಮನೆ ತೆರೆಯುವವರಿಗೆ. ಎಲ್ಲರೂ ಹತ್ತು ದಿನ ಇಟ್ಟುಕೊಳ್ಳಲಾಗದು, ನಿಜ. ಹಬ್ಬದ ದಿನ ಒಬ್ಬರನ್ನು ಊಟಕ್ಕೆ ಕರೆಯಬಹುದಲ್ಲ? ಯಾರು ಒಂಟಿಯಾಗಿದ್ದಾರೆಂದು ಗುರುಗಳನ್ನೋ ಸಿಸ್ಟರುಗಳನ್ನೋ ಕೇಳಿ. ಹೆಣ್ಣುಮಕ್ಕಳನ್ನು ಕರೆಯುವುದಾದರೆ ಹಾಸ್ಟೆಲಿನ ವಾರ್ಡನರಿಗೆ ತಿಳಿಸಿ, ಇಬ್ಬರನ್ನು ಜೊತೆಯಾಗಿ ಕರೆಯಿರಿ. ಅವರ ಹೆತ್ತವರೊಡನೆ ಫೋನಿನಲ್ಲಿ ಒಂದು ಮಾತು ಆಡಿ. ಬಂದವರಿಂದ ಮನೆಗೆಲಸದ ಆಳಿನಂತೆ ದುಡಿಸಿಕೊಳ್ಳಬೇಡಿ. ಅವರಿಗೆ ಊಟ ಹಾಕಿದ ಚಿತ್ರವನ್ನು ತೆಗೆದು ಊರಿಗೆಲ್ಲ ಕಳುಹಿಸಬೇಡಿ. ಬಂದವರು ಅನ್ಯಮತದವರಾಗಿದ್ದರೆ, ನಿಮ್ಮ ಹಬ್ಬ ಯಾವುದು, ನೀವು ಏನು ತಿನ್ನುವುದಿಲ್ಲ, ಪ್ರಾರ್ಥನೆ ಯಾವ ಹೊತ್ತಿಗೆ ಎಂದು ಕೇಳಿ, ಅದಕ್ಕೆ ಅವಕಾಶ ಮಾಡಿಕೊಡಿ. ಜುನ್ನರಿನ ಖಾನನಂತೆ ನಾವು ಸತ್ಕಾರಕ್ಕೆ ಬೆಲೆ ಕೇಳುವವರಾಗಬಾರದು. ಹಾಗೆಯೇ, ಬಂದವನ ಜಾತಿ ಕೇಳಿ ತಟ್ಟೆಯನ್ನು ಬೇರೆ ಇಡುವ ಪಾಪ ನಮ್ಮ ಯಾವ ಮನೆಯಲ್ಲೂ ನಡೆಯದಿರಲಿ. ಪರಮಪ್ರಸಾದದ ಒಂದೇ ಪಂಕ್ತಿಯಲ್ಲಿ ಕುಳಿತ ನಮಗೆ ಮನೆಯಲ್ಲಿ ಎರಡು ಪಂಕ್ತಿ ಸಲ್ಲದು.

ಸಣ್ಣ ಮನೆಯ ಬೆಚ್ಚಗಿನ ಹಬ್ಬ

ಪ್ರಶ್ನೆ ಕೇಳಿದ ಆ ಭಾಲ್ಕಿ ಕಡೆಯ ತಾಯಿಯ ಕಥೆಯನ್ನು ಹೇಳಿ ಮುಗಿಸುತ್ತೇನೆ. ಅವರು ಉತ್ತರಕ್ಕಾಗಿ ಕಾಯಲಿಲ್ಲ. ಆ ವರ್ಷದ ಕ್ರಿಸ್ಮಸ್ಸಿಗೆ ನರ್ಸಿಂಗ್ ಹಾಸ್ಟೆಲಿನಲ್ಲಿ ಉಳಿದಿದ್ದ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಂದರು. ಅವರ ಮನೆಯಲ್ಲಿರುವುದು ಎರಡೇ ಖೋಲಿ. ಮೊದಲ ದಿನ ಆ ಮಕ್ಕಳಿಗೆ ಸಂಕೋಚ. ಜೋಳದ ರೊಟ್ಟಿ ಮುರಿಯಲೂ ಬರಲಿಲ್ಲವಂತೆ. ಎರಡನೆಯ ದಿನ ಒಬ್ಬಳು ಅಡುಗೆಮನೆಗೆ ಬಂದು, “ಅಮ್ಮಾ, ನಾನು ನಮ್ಮ ಊರಿನ ಹಾಗೆ ಮೀನಿನ ಸಾರು ಮಾಡಲೇ?” ಎಂದು ಕೇಳಿದಳಂತೆ. ಆ ರಾತ್ರಿ ಜರ್ಮನಿಯಿಂದ ಮಗಳು ಫೋನು ಮಾಡಿದಾಗ, ಅವಳ ಜಾಗದಲ್ಲಿ ಇಬ್ಬರು ಕುಳಿತು ಉಣ್ಣುತ್ತಿದ್ದರು.

“ಮನಿ ಸಣ್ಣದು ಅದಲ್ಲ ಯವ್ವಾ, ತ್ರಾಸ ಆಗಲಿಲ್ಲೇನು?” ಎಂದು ನಾನು ಕೇಳಿದೆ. ಅವರು ನಕ್ಕರು. “ಚಳಿಗಾಲದಾಗ ಸಣ್ಣ ಮನಿನೇ ಬೆಚ್ಚಗಿರ್ತದ ಫಾದರ್” ಎಂದರು.

ಬಿಸ್ಕತ್ತು ತಿಂದು ಹಬ್ಬ ಕಳೆದ ಆ ಯುವಕ ಓದು ಮುಗಿಸಿ ಊರಿಗೆ ಹೋದ. ಅವನಿಗೆ ನಾನು ಕೊಡದ ಊಟವನ್ನು ಈಗ ಕೊಡಲಾರೆ. ಆದರೆ ಅಂದಿನಿಂದ ಆಗಮನ ಕಾಲದ ಮೊದಲ ಭಾನುವಾರವೇ, ಹಬ್ಬಕ್ಕೆ ಮನೆಗೆ ಹೋಗಲಾಗದವರು ಯಾರಿದ್ದಾರೆಂದು ಬಲಿಪೂಜೆಯ ಕೊನೆಯಲ್ಲಿ ವಿಚಾರಿಸುತ್ತೇನೆ. ಅವರ ಹೆಸರನ್ನು ಬರೆದುಕೊಳ್ಳುತ್ತೇನೆ. ಗುರುನಿವಾಸದ ಊಟದ ಮೇಜಿನಲ್ಲಿ ಅವರಿಗೆ ಕುರ್ಚಿ ಹಾಕಿಸುತ್ತೇನೆ. ಪ್ರಾಯಶ್ಚಿತ್ತ ಎಂದರೆ ಕೆಲವೊಮ್ಮೆ ಇಷ್ಟೇ: ಅಂದು ಮುಚ್ಚಿದ ಬಾಗಿಲನ್ನು ಮುಂದೆ ಬರುವವನಿಗಾಗಿ ತೆರೆದಿಡುವುದು.

ಈ ಕ್ರಿಸ್ಮಸ್ಸಿಗೆ ನಿಮ್ಮ ಮನೆಯಲ್ಲಿ ಗೋದಲಿ ಕಟ್ಟುವಾಗ ಪಕ್ಕದಲ್ಲಿ ಒಂದು ಚಾಪೆಯನ್ನೂ ಹಾಸಿ. ಅದರ ಮೇಲೆ ಕುಳಿತುಕೊಳ್ಳುವವರು ಯಾರೆಂದು ಕುಟುಂಬದವರೆಲ್ಲ ಕೂಡಿ ನಿರ್ಧರಿಸಿ. ಮಕ್ಕಳನ್ನೂ ಕೇಳಿ, ತಮ್ಮ ತರಗತಿಯಲ್ಲಿ ಹಬ್ಬದ ದಿನ ಒಂಟಿಯಾಗಿರುವ ಮಗು ಯಾವುದೆಂದು ದೊಡ್ಡವರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಕುಟುಂಬ ಪ್ರಾರ್ಥನೆ

ಪರದೇಶದಲ್ಲಿ ಬಾಲ್ಯ ಕಳೆದ ಪ್ರಭು ಯೇಸುವೇ, ದೂರದ ಊರುಗಳಲ್ಲಿರುವ ನಮ್ಮ ಮಕ್ಕಳಿಗೂ ಬಂಧುಗಳಿಗೂ ಈ ಹಬ್ಬದ ದಿನಗಳಲ್ಲಿ ಒಂದು ಬೆಚ್ಚಗಿನ ಮನೆಯನ್ನು ಅನುಗ್ರಹಿಸಿರಿ. ಅವರಿಗೆ ಅನ್ನವಿಕ್ಕುವ ಕೈಗಳನ್ನು ಆಶೀರ್ವದಿಸಿರಿ. ನಮ್ಮ ಊರಿಗೆ ಬಂದಿರುವ ಪರದೇಶಿಗಳನ್ನು ಗುರುತಿಸುವ ಕಣ್ಣುಗಳನ್ನೂ, ಅವರ ಹೆಸರನ್ನು ಕೇಳುವ ವಿನಯವನ್ನೂ, ಒಳಮನೆಯ ಬಾಗಿಲು ತೆರೆಯುವ ಧೈರ್ಯವನ್ನೂ ನಮಗೆ ಕೊಡಿರಿ. ನೀವು ಬಂದು ತಟ್ಟುವಾಗ ನಮ್ಮ ಮನೆಯಲ್ಲಿ ಸ್ಥಳವಿಲ್ಲವೆಂಬ ಮಾತು ನಮ್ಮ ಬಾಯಿಂದ ಬಾರದಿರಲಿ. ಆಮೆನ್.